ಬ್ಲ್ಯಾಕ್ ಬಾಕ್ಸ್‌ನಲ್ಲಿ ಕೆಸುವಿನ ಎಲೆ

ಪ್ರೀತಿಯ ಗೆಳೆಯಾ,

ನಿನ್ನ ತಮ್ಮ ಪಿಯುಸಿ ಮುಗಿಸಿ ಅಡುಗೆ ಕೋರ್ಸ್‌ಗೇ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ, 'ಅಲ್ಲಿ ಟಿವಿಯಲ್ಲಿ ಬರುವ ಹಾಗೆ ದಿನಾ ಸ್ಪರ್ಧೆ ಇರುತ್ತಂತೆ, ಹೌದಾ?' ಅಂತ ಕೇಳಿದ್ದೀಯ. ದಿನಾ ಇಲ್ಲ ಮಾರಾಯಾ. ದಿನಾ ಇರುವುದು ಈರುಳ್ಳಿ. ಮೊದಲ ವರ್ಷವಿಡೀ ಹೆಚ್ಚುವುದು, ಸ್ಟಾಕ್ (ಮೂಳೆ, ತರಕಾರಿ ಬೇಯಿಸಿದ ತಿಳಿ ಸಾರು) ಕುದಿಸುವುದು, ಸಾಸ್ ತಿರುವುವುದು, ಆಮೇಲೆ ಪಾತ್ರೆ ತಿಕ್ಕುವುದು. ಕ್ಯಾರೆಟ್ಟನ್ನು 3 ಮಿಲಿಮೀಟರಿನ ಚೌಕ ಚೂರು ಮಾಡಬೇಕು. ಅದಕ್ಕೆ ಬ್ರುನ್ವಾಸ್ ಅಂತ ಹೆಸರು. ಕಲಿಸುವ ಚೆಫ್ ಸ್ಕೇಲ್ ಇಟ್ಟು ನೋಡಿದ್ದೂ ಉಂಟು!

ಸ್ಪರ್ಧೆ ಬರುವುದು ಅದೆಲ್ಲ ಕೈಗೆ ಹತ್ತಿದ ಮೇಲೆ. ನಾವು ಬ್ಲ್ಯಾಕ್ ಬಾಕ್ಸ್ ಅನ್ನುತ್ತೇವೆ. ಮುಚ್ಚಿದ ಡಬ್ಬ ಕೊಡುತ್ತಾರೆ, ಒಳಗೆ ಏನಿದೆ ಅಂತ ತೆರೆಯುವ ತನಕ ಗೊತ್ತಾಗುವುದಿಲ್ಲ. ಇದ್ದದ್ದನ್ನೆಲ್ಲ ಬಳಸಲೇಬೇಕು. ಎಣ್ಣೆ, ಬೆಣ್ಣೆ, ಹಿಟ್ಟು, ಮೊಟ್ಟೆ, ಮಸಾಲೆ ಸ್ಟೋರಿನಿಂದ ಸಿಗುತ್ತದೆ. ಮೂರು ಗಂಟೆಯಲ್ಲಿ ಸ್ಟಾರ್ಟರ್, ಮೇನ್ ಕೋರ್ಸ್, ಡೆಸರ್ಟ್ ಮೂರೂ ಪ್ಲೇಟಿಗೆ ಬರಬೇಕು.

ಆದರೆ ಮೊದಲ ಅರ್ಧ ಗಂಟೆ ಒಲೆ ಹಚ್ಚುವ ಹಾಗಿಲ್ಲ. ಕಾಗದ, ಪೆನ್ನು ಅಷ್ಟೇ. ಮೆನು ಬರೆಯಬೇಕು, ಸ್ಟೋರಿಗೆ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಪಟ್ಟಿ, ಬರೆಯಬೇಕು, ಯಾವ ಹೊತ್ತಿಗೆ ಯಾವ ಕೆಲಸ ಅಂತ ಪ್ಲಾನ್ ಕೊಡಬೇಕು. ನನ್ನ ಪ್ರಕಾರ ಗೆಲುವು ಸೋಲು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಟಿವಿಯಲ್ಲಿ ಇದನ್ನು ತೋರಿಸುವುದಿಲ್ಲ. ಕೂತು ಬರೆಯುವವರನ್ನು ಯಾರು ನೋಡುತ್ತಾರೆ?

ಈ ಸಲ ಮಳೆಗಾಲದ ಆಟಿ ತಿಂಗಳಲ್ಲಿ ನಡೆದದ್ದು ಹೇಳುತ್ತೇನೆ, ಕೇಳು. ಡಬ್ಬದಲ್ಲಿ ಕೋಳಿಯ ಕಾಲು, ಹಲಸಿನ ಬೀಜ, ಪುನರ್ಪುಳಿ (ಕೋಕಂ) ಸಿಪ್ಪೆ, ಬೀಟ್‌ರೂಟ್. ಜೊತೆಗೆ ಒಂದು ಕಟ್ಟು ಕೆಸುವಿನ ಎಲೆ! ಕರಾವಳಿಯ ನಾವು ಮೂವರು ಮುಖ ಮುಖ ನೋಡಿಕೊಂಡು ನಕ್ಕೆವು. ಪಕ್ಕದ ಟೇಬಲ್‌ನವರು ಬೇರೆ ರಾಜ್ಯದವರು, ಬಹಳ ಚುರುಕು. ಎಲೆಯನ್ನು ಕಂಡದ್ದೇ ಪೆಸ್ಟೋ, ಅಂದರೆ ಹಸಿ ಎಲೆ ರುಬ್ಬಿ ಮಾಡುವ ಇಟಲಿಯ ಚಟ್ನಿ, ಮಾಡುತ್ತೇವೆ ಅಂದರು. ಬೆಳ್ಳುಳ್ಳಿ, ಗೋಡಂಬಿ, ಎಣ್ಣೆ ಹಾಕಿ ಹಸಿಯಾಗೇ ರುಬ್ಬಿದರು. ಬೇಡ ಅಂತ ನಾವು ಕೂಗಿದೆವು. ನಮ್ಮ ಐಡಿಯಾ ಹಾಳು ಮಾಡಲು ಹೇಳುತ್ತಿದ್ದಾರೆ ಅಂದುಕೊಂಡರೋ ಏನೋ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ. ಚೆನ್ನಾಗಿ ಬೇಯಬೇಕು, ಹುಳಿಯೂ ಬೀಳಬೇಕು, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಚೆಫ್ ಒಂದು ಚಮಚ ಬಾಯಿಗಿಟ್ಟರು. ಆಮೇಲೆ ತುಂಬಾ ಹೊತ್ತು ಮಜ್ಜಿಗೆ ಕುಡಿಯುತ್ತಿದ್ದರು, ಪಾಪ.

ನಾವು ನಮ್ಮೂರ ಪತ್ರೊಡೆಯ ದಾರಿ ಹಿಡಿದೆವು, ನೆನೆಸಿದ ಅಕ್ಕಿ ರುಬ್ಬಿ ಕೆಸುವಿನ ಎಲೆಗೆ ಸವರಿ ಬೇಯಿಸುವುದು. ತೊಡಕು ಏನಪ್ಪಾ ಅಂದರೆ ಅಕ್ಕಿ ನೆನೆಯಲು ಹೊತ್ತಿಲ್ಲ. ಹಾಗಾಗಿ ಅಕ್ಕಿಹಿಟ್ಟಿಗೇ ಹುಣಸೆಹುಳಿ, ಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಬೆಲ್ಲ ರುಬ್ಬಿ ಸೇರಿಸಿ ಎಲೆಗೆ ಸವರಿದೆವು. ಸುತ್ತಿ ಹಬೆಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಬಿಲ್ಲೆ ಮಾಡಿ ತವಾದಲ್ಲಿ ಕೆಂಪಗೆ ಹುರಿದೆವು. ಕೋಳಿಯ ಮೂಳೆ ಬಿಡಿಸಿ ಸ್ಟಾಕ್‌ಗೆ ಹಾಕಿದೆವು. ಆ ಸ್ಟಾಕ್‌ನಲ್ಲಿ ಬೆಂದ ಹಲಸಿನ ಬೀಜ ನುಣ್ಣಗೆ ರುಬ್ಬಿದರೆ ಮೈದಾವನ್ನು ಬೆಣ್ಣೆಯಲ್ಲಿ ಹುರಿದು ಮಾಡುವ 'ರೂ' ಇಲ್ಲದೆಯೇ ಸೂಪ್ ದಪ್ಪವಾಗುತ್ತದೆ. ಬೀಜದಲ್ಲಿ ಅಷ್ಟು ಪಿಷ್ಟ ಇದೆ. ಪುನರ್ಪುಳಿಯನ್ನು ಬೆಲ್ಲದ ಜೊತೆ ಕುದಿಸಿ ಇಳಿಸಿದ್ದು ಕೋಳಿಗೆ ಸಾಸ್ ಆಯಿತು. ಎಂಥ ಕೆಂಪು ಬಣ್ಣ ಅಂತೀಯ! ಬೀಟ್‌ರೂಟ್‌ಗೆ ಎಲ್ಲ ಟೇಬಲ್‌ಗಳಲ್ಲೂ ಹಲ್ವವೇ ಗತಿ, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ರುಚಿಗೆ ಒಳ್ಳೆಯ ಮಾರ್ಕ್ಸ್ ಬಂತು. ಕ್ರಿಯೇಟಿವಿಟಿಗೆ ಬರಲಿಲ್ಲ. 'ಇದು ನಿಮ್ಮ ಮನೆಯಡುಗೆ ತಾನೇ, ಹೊಸತೇನಿದೆ?' ಅಂದರು ಚೆಫ್. ಪೆಸ್ಟೋದವರಿಗೆ ಆ ಕಾಲಂನಲ್ಲಿ ನಮಗಿಂತ ಜಾಸ್ತಿ. ನನಗೆ ಇದು ಇವತ್ತಿಗೂ ಒಪ್ಪಿಗೆ ಇಲ್ಲ. ನುಂಗಲಾಗದ್ದು ಹೊಸತಾದರೆ ಏನು ಬಂತು? ಎರಡೂವರೆ ಗಂಟೆಯಲ್ಲಿ, ನೆನೆಸಿದ ಅಕ್ಕಿಯೇ ಇಲ್ಲದೆ, ಪತ್ರೊಡೆ ನಿಲ್ಲಿಸುವುದಕ್ಕೂ ತಲೆ ಓಡಬೇಕು, ಅಲ್ವಾ? ಅದೇ ಚೆಫ್ ಫ್ರೆಂಚರ ಹಳ್ಳಿಯ ಅಡುಗೆಯನ್ನು ಬಾಯ್ತುಂಬ ಹೊಗಳುತ್ತಾರೆ, ಅದೂ ಯಾರದೋ ಮನೆಯಡುಗೆಯೇ. ಹಾಗಂತ ಪೂರ್ತಿ ಅವರದೇ ತಪ್ಪು ಅನ್ನಲಾರೆ. ನಮ್ಮ ಪ್ಲೇಟ್ ನೋಡಲು ಸಪ್ಪೆಯಾಗಿತ್ತು ಅಂತ ಅವರು ಅಂದದ್ದು ನಿಜ.

ತಮ್ಮನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಐಎಚ್‌ಎಂ (ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ) ಬೇಕಿದ್ದರೆ ಎನ್‌ಸಿಎಚ್‌ಎಂ ಜೆಇಇ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಮಣಿಪಾಲದಲ್ಲಿ ಕಲಿನರಿ ಆರ್ಟ್ಸ್‌ಗೇ, ಅಂದರೆ ಅಡುಗೆ ಕಲೆಗೇ, ಬೇರೆ ಪದವಿ ಇದೆ. ಎರಡನ್ನೂ ಹೋಗಿ ನೋಡಲಿ. ಕ್ಲಾಸ್‌ರೂಮ್ ನೋಡಿದರೆ ಸಾಲದು, ಕಿಚನ್ ನೋಡಬೇಕು, ಅದೂ ಪಾತ್ರೆ ತೊಳೆಯುವ ಹೊತ್ತಿನಲ್ಲಿ. ಆಗಲೂ ಆಸೆ ಇದ್ದರೆ ನನಗೆ ಫೋನ್ ಮಾಡಲಿ. ರಾತ್ರಿ ಹತ್ತರ ಮೇಲೆ. ಅದಕ್ಕೂ ಮುಂಚೆ ನನ್ನ ಕೈ ಸೋಪಿನ ನೀರಲ್ಲಿ ಇರುತ್ತದೆ.

ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ