ಬಂದೂಕಿನ ಅಂಗಡಿಯ ದಾಖಲೆ ಪುಸ್ತಕಗಳನ್ನು ಉಳಿಸಿಕೊಳ್ಳಬೇಕು

ಮಾನ್ಯ ಸಂಪಾದಕರೇ,

ಚಿತ್ರದುರ್ಗದ ಹಳೆಯ ಪೇಟೆಯಲ್ಲಿ ಒಂದೇ ಮನೆತನದವರು ಮೂರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಬಂದೂಕಿನ ಅಂಗಡಿಯನ್ನು ಇನ್ನು ಮುಚ್ಚುವುದಾಗಿ ಅದರ ಹಿರಿಯ ಯಜಮಾನರು ಕಳೆದ ವಾರ ನನಗೆ ತಿಳಿಸಿದರು. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ವ್ಯಾಪಾರವೂ ಕ್ಷೀಣಿಸಿದೆ. ಆ ತೀರ್ಮಾನ ಅವರದು. ನನ್ನ ಚಿಂತೆ ಅಲ್ಲಿನ ಮರದ ಬೀರುವಿನಲ್ಲಿರುವ ದಾಖಲೆ ಪುಸ್ತಕಗಳದ್ದು.

ಬಂದೂಕು ಮಾರುವವರು ಯಾರಿಗೆ, ಯಾವ ಪರವಾನಗಿಯ ಮೇಲೆ, ಯಾವ ನಂಬರಿನ ಬಂದೂಕು ಮತ್ತು ಎಷ್ಟು ತೋಟಾ ಕೊಟ್ಟರೆಂಬುದನ್ನು ಬರೆದಿಡಲೇಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ 1962ರಲ್ಲಿ ಜಾರಿಗೆ ಬಂದಾಗ, ಬೆಳೆ ಕಾಯಲು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು ಬೇಕೆನ್ನುವ ರೈತನಿಗೆ ಪರವಾನಗಿ ಕೊಡುವ ಮಾತು ಅದರ 13ನೇ ಸೆಕ್ಷನ್ನಿನಲ್ಲಿಯೇ ಇತ್ತು. ಶೇಂಗಾ ಹೊಲವನ್ನು ಹಂದಿಗಳಿಂದ ಕಾಯಲು ನಮ್ಮ ತಂದೆಯವರು ಕೊಂಡದ್ದು ಅಂಥದೇ ಬಂದೂಕು; ಅವರ ಹೆಬ್ಬೆಟ್ಟಿನ ಗುರುತನ್ನು ನಾನು ಆ ಪುಸ್ತಕದಲ್ಲಿ ಕಣ್ಣಾರೆ ಕಂಡಿದ್ದೇನೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವ ಮೊದಲಿನ ಪುಟಗಳಲ್ಲಿ ಜಗಳೂರು, ಹರಿಹರದ ಕಡೆಯ ಊರುಗಳೂ ಹೊಳಲ್ಕೆರೆ, ಹೊಸದುರ್ಗದ ಊರುಗಳೂ ಒಟ್ಟಿಗೇ ಇವೆ. ಯಾವ ಊರಿನಲ್ಲಿ ಯಾವ ಬೆಳೆಗೆ ಎಂಥ ಕಾವಲು ಬೇಕಾಗುತ್ತಿತ್ತೆಂಬುದು ಈ ಸಾಲುಗಳಿಂದ ತಿಳಿಯುವಷ್ಟು ವಿವರವಾಗಿ ಬೇರೆಲ್ಲಿ ತಿಳಿದೀತು?

ಯಜಮಾನರ ತಿಳಿವಳಿಕೆಯಂತೂ ಪುಸ್ತಕಕ್ಕಿಂತ ದೊಡ್ಡದು. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರಕ ಹೊಯ್ದರೆ ಅವುಗಳಲ್ಲಿ ಒಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆಗೆ 12 ಬೋರ್ ಎನ್ನುತ್ತಾರೆಂದು ಹುಡುಗನಾಗಿದ್ದ ನನಗೆ ಹೇಳಿಕೊಟ್ಟವರು ಅವರು. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿ ಬೇಗನೆ ತುಕ್ಕು ತರುತ್ತದೆ, ಆದ್ದರಿಂದ ಬಂದೂಕು ಹಾರಿಸಿದ ದಿನವೇ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕೆಂದು ಕೊಂಡವರಿಗೆಲ್ಲ ಹೇಳಿ ಕಳುಹಿಸುತ್ತಿದ್ದರು. ಪರವಾನಗಿಯ ಅವಧಿ ಮುಗಿದು ಎರಡೇ ದಿನವಾಗಿದ್ದ ಸ್ವಂತ ಬೀಗರಿಗೂ ಅವರು ತೋಟಾ ಕೊಡದೆ ಕಾಫಿ ಕೊಟ್ಟು ಕಳುಹಿಸಿದ್ದನ್ನು ನೋಡಿದ್ದೇನೆ. ಈ ಕಸುಬಿನವರನ್ನು ಅನುಮಾನದಿಂದ ನೋಡುವವರಿಗೆ ಇದು ತಿಳಿದಿರಲಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿಯವರ ಖರೀದಿ ಕಡಿಮೆಯಾಗುತ್ತ ಬಂದು ನಿಂತೇಹೋಯಿತು, ಅದು ಆಗಬೇಕಾದದ್ದೇ. ಆಮೇಲೆ ಅಂಗಡಿ ನಡೆದದ್ದು ಬಹುಮಟ್ಟಿಗೆ ದುರಸ್ತಿ ಮತ್ತು ಠೇವಣಿಯಿಂದ. ಬಂದೂಕಿನ ಒಡೆಯ ತೀರಿಕೊಂಡಾಗ ಮನೆಯವರು ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯ ಬಳಿ ಒಪ್ಪಿಸಲು ಕಾನೂನಿನಲ್ಲಿ ಅವಕಾಶವಿದೆ. ಒಮ್ಮೆ ಚುನಾವಣೆಯ ಸಮಯದಲ್ಲಿ ಬೇರೊಂದು ಕಡೆ ಒಪ್ಪಿಸಿದ್ದ ನಮ್ಮ ಬಂದೂಕು ತುಕ್ಕು ಹಿಡಿದು ಮರಳಿತು. ಇವರ ಬಳಿ ಇಟ್ಟ ವರ್ಷಗಳಲ್ಲಿ ಇಟ್ಟ ಹಾಗೆಯೇ, ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂತು.

ಚಿತ್ರದುರ್ಗದ ಸರ್ಕಾರಿ ವಸ್ತು ಸಂಗ್ರಹಾಲಯದವರು ಜಿಲ್ಲಾಡಳಿತದ ಅನುಮತಿ ಪಡೆದು ಈ ಪುಸ್ತಕಗಳ ಛಾಯಾಪ್ರತಿ ತೆಗೆಸಬೇಕು. ಬದುಕಿರುವವರ ಹೆಸರು, ವಿಳಾಸಗಳನ್ನು ಮುಚ್ಚಿಟ್ಟೇ ಸಂಶೋಧಕರಿಗೆ ಕೊಡಲಿ. ನಳಿಗೆ ಉಜ್ಜುವ ಗಜ, ಮದ್ದು ಅಳೆಯುವ ಹಿತ್ತಾಳೆಯ ಅಳತೆ, ತಿರುಪುಗಳ ಪೆಟ್ಟಿಗೆ ಇವನ್ನೂ ಕೇಳಿ ಪಡೆಯಬಹುದು. ಯಜಮಾನರ ನೆನಪು ಇನ್ನೂ ಚುರುಕಾಗಿದೆ, ಆದರೆ ಕಣ್ಣು ಮಂಜಾಗಿದೆ. ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸ ಆಯುಧಪೂಜೆಯೊಳಗಾದರೂ ಆಗಬೇಕು. ನಮ್ಮ ತಂದೆಯವರ ಹಳೆಯ ರಸೀದಿಯನ್ನು ಸಂಗ್ರಹಾಲಯಕ್ಕೆ ತಂದುಕೊಡಲು ನಾನು ಸಿದ್ಧನಿದ್ದೇನೆ.

ಇತಿ,
ಒಬ್ಬ ರೈತ
ಹೊಳಲ್ಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ