ಪೆಂಡಿಂಗ್ ಅರ್ಜಿಲಿ ಇನ್ನೂ ಹಳೇ ನಂಬರ್ರೇ!

ಮಾನ್ಯ ಸಂಪಾದಕರೇ,

ಎಲ್ಲಾ ಆನ್‌ಲೈನ್ ಆಯ್ತು ಅಂತ ಸರ್ಕಾರದೋರು ಹೇಳ್ತಾನೇ ಇರ್ತಾರೆ, ಆಗಿರೋದೂ ನಿಜ, ಆದ್ರೆ ಸಬ್ಮಿಟ್ ಆದ್ಮೇಲೆ ಅರ್ಜಿ ಒಳಗಿರೋ ಮಾಹಿತಿ ಗತಿ ಏನು ಅಂತ ಯಾರೂ ಕೇಳಲ್ಲ. ಊರಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡೋ ಅಂಗಡಿ ಇಟ್ಕೊಂಡಿದೀನಿ, ದಿನಾ ನೋಡೋದು ಇದನ್ನೇ. ಸಬ್ಮಿಟ್ ಒತ್ತಿದಾಗ ಮೊಬೈಲ್ ನಂಬರು, ವಿಳಾಸ, ಬ್ಯಾಂಕ್ ಖಾತೆ ಏನಿತ್ತೋ ಅದನ್ನೇ ಸಿಸ್ಟಂ ಕಾಪಿ ಮಾಡಿ ಇಟ್ಕೊಳುತ್ತೆ, ಆಮೇಲೆ ಕೇಸ್ ವರ್ಕರ್ (ಕಚೇರಿಲಿ ಅರ್ಜಿ ಮೊದಲು ನೋಡೋ ಗುಮಾಸ್ತ) ಲಾಗಿನ್ನಿಂದ ಸಾಹೇಬ್ರ ಲಾಗಿನ್‌ಗೆ ಹೋಗೋಕೆ ತಿಂಗಳುಗಟ್ಟಲೆ ಹಿಡಿದ್ರೂ ಅದೇ ಹಳೇ ಕಾಪಿ.

ಮೊನ್ನೆ ಒಬ್ರು ಅಜ್ಜಿ ಬಂದಿದ್ರು. ಸಿಮ್ ಕಳೆದೋಗಿ ಹೊಸ ನಂಬರ್ ತಗೊಂಡು ಪಾಪ ಆಧಾರ್‌ಗೂ ಸೇರಿಸಿದ್ರು. ಅರ್ಜಿಗೆ ಆಕ್ಷೇಪಣೆ ಬಂದು, ದಾಖಲೆ ಮತ್ತೆ ಅಪ್‌ಲೋಡ್ ಮಾಡಿ ಅನ್ನೋ ಎಸ್ಸೆಮ್ಮೆಸ್ಸು ಹಳೇ ನಂಬರಿಗೇ ಹೋಗಿದೆ, ಉತ್ತರ ಬರಲಿಲ್ಲ ಅಂತ ರಿಜೆಕ್ಟ್. ಎಡಿಟ್ ಬಟನ್ನೇ ಇಲ್ಲ. ಕಚೇರಿಲಿ ಕೇಳಿದ್ರೆ "ಹೊಸದಾಗಿ ಹಾಕಮ್ಮ" ಅಂತಾರೆ. ಹೊಸದಾಗಿ ಹಾಕಿದ್ರೆ ಮತ್ತೆ ಕ್ಯೂ ಕೊನೇಲಿ ನಿಂತಂಗೆ.

ಬ್ಯಾಂಕ್ ವಿಚಾರ ಇನ್ನೂ ಮಜಾ. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾ ಸೇರ್ತು, 2020ರಲ್ಲಿ ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್‌ಗೆ, ಮೂರೂ ನಮ್ಮ ಕರಾವಳಿಲಿ ಹುಟ್ಟಿದ ಬ್ಯಾಂಕುಗಳೇ. ಸಿಂಡಿಕೇಟಿನ ಹಳೇ ಐಎಫ್‌ಎಸ್‌ಸಿ, ಅಂದ್ರೆ ದುಡ್ಡು ಕಳಿಸೋಕೆ ಬೇಕಾದ ಶಾಖೆ ಕೋಡು, 2021ರ ಜುಲೈ 1ರಿಂದ ನಡೀಲೇ ಇಲ್ಲ. ಅದಕ್ಕೆ ಮುಂಚೆ ಹಾಕಿದ ಅರ್ಜಿ ಆಮೇಲೆ ಮಂಜೂರಾಗಿ, ಒಳಗೆ ಹಳೇ ಕೋಡೇ ಕೂತಿದ್ರೆ ದುಡ್ಡು ಬರೋದೆಲ್ಲಿಂದ?

ಹಂಗಂತ ಇದು ಆಗದಿರೋ ಕೆಲಸ ಏನಲ್ಲ. ಆಧಾರ್ ಮೂಲಕ ಬರೋ ಡಿಬಿಟಿ (ಸರ್ಕಾರ ನೇರ ಖಾತೆಗೆ ಹಾಕೋ) ದುಡ್ಡಿಗೆ ಅರ್ಜಿಲಿ ಬರೆದ ಖಾತೆ ನಂಬರ್ ನೋಡಲ್ಲ, ಕಳಿಸೋ ಹೊತ್ತಿಗೆ ಈ ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ, ಅಂದ್ರೆ ಜೋಡಣೆ ಆಗಿದೆ ಅಂತ ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್ ಯಾವ ಬ್ಯಾಂಕಿಗೆ ಅನ್ನೋ ಪಟ್ಟಿ) ನೋಡಿ ಹಾಕ್ತಾರೆ. ಮೊಬೈಲು, ವಿಳಾಸಕ್ಕೂ ಹಂಗೇ ಮಾಡ್ಲಿ, ಎಸ್ಸೆಮ್ಮೆಸ್ಸು ಕಳಿಸೋ ಮುಂಚೆ ಈಗಿನ ನಂಬರ್ ಯಾವ್ದು ಅಂತ ನೋಡ್ಲಿ.

ಎಲ್ಲಾನೂ ಬದಲಾಗ್ತಾ ಇರ್ಬೇಕು ಅಂತ ನಾನು ಹೇಳ್ತಿಲ್ಲ. ಕೊನೇ ದಿನಾಂಕಕ್ಕೆ ವಯಸ್ಸೆಷ್ಟಿತ್ತು, ಅವತ್ತಿಗೆ ಆದಾಯ ಎಷ್ಟಿತ್ತು ಅನ್ನೋದು ಅಲ್ಲಾಡಬಾರದು, ಇಲ್ದಿದ್ರೆ ಇಲಾಖೆಯೋರು ತಡ ಮಾಡಿದ್ದಕ್ಕೆ ಹುಡುಗ ವಯೋಮಿತಿ ದಾಟಿ ಹೊರಗೆ ಬೀಳ್ತಾನೆ. (ವರ್ಗ ಆಗಿ ಹೋದ ಅಧಿಕಾರಿ ಲಾಗಿನ್‌ನಲ್ಲೇ ಫೈಲ್ ಸಿಕ್ಕಾಕ್ಕೊಳೋದು ಬೇರೇನೇ ಕಥೆ, ಅದಕ್ಕೆ ಇನ್ನೊಂದು ಪತ್ರ ಬರೀಬೇಕು.)

ರಾಜ್ಯ ಸರ್ಕಾರದ ಸಕಾಲ ವೆಬ್‌ಸೈಟಲ್ಲಿ 15 ಅಂಕಿ ಜಿಎಸ್‌ಸಿ ನಂಬರ್ (ಅರ್ಜಿ ಹಾಕಿದಾಗ ಕೊಡೋ ನಂಬರು) ಹಾಕಿದ್ರೆ ಅರ್ಜಿ ಎಲ್ಲಿದೆ ಅಂತ ಕಾಣುತ್ತಲ್ಲ, ಅದೇ ಪುಟದಲ್ಲಿ ಮುಂದಿನ ಸಂದೇಶ ಯಾವ ನಂಬರಿಗೆ ಹೋಗುತ್ತೆ ಅಂತ ಕೊನೇ ನಾಕು ಅಂಕಿ ತೋರಿಸ್ಲಿ, ತಪ್ಪಿದ್ರೆ ಆಧಾರ್ ಒಟಿಪಿ ಹಾಕಿ ಬದಲಾಯಿಸೋಕೆ ಬಿಡ್ಲಿ, ಅರ್ಜಿ ತಾರೀಖನ್ನೂ ಕ್ಯೂನಲ್ಲಿರೋ ಜಾಗಾನೂ ಮುಟ್ಟದೆ.

– ಸೈಬರ್ ಅಂಗಡಿಯವ, ಹಾಸನ ಜಿಲ್ಲೆ