ಅಪ್ಪ ಫೀನಿಕ್ಸ್ ನೋಡಿ ಬಂದರು

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ ನಮ್ಮಪ್ಪ, ಮೊನ್ನೆ ಫೀನಿಕ್ಸ್ ಅನ್ನೋ ಹಳೇ ಉಗಿ ಇಂಜಿನ್ ನೋಡಲು ದೆಹಲಿಯ ರೈಲು ಮ್ಯೂಸಿಯಮ್ಮಿನಲ್ಲಿ ಊರುಗೋಲು ಹಿಡಿದು ತಾವೇ ನಡೆದರು. ಇದನ್ನು ಬರೆಯೋ ದಿನಕ್ಕೇ ಕಾಯ್ತಿದ್ದೆ.

ಅಪ್ಪ ಅರಸೀಕೆರೆ ಲೋಕೋ ಷೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು, ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಕಾಲದವರು. ಆಪರೇಷನ್ ಆದ ಮೇಲೆ ಮಂಚದಿಂದ ಏಳಲೊಲ್ಲದೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರು. ಎಬ್ಬಿಸಿದ್ದು ಹಾಸನದಿಂದ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ. "ತಾತ, ಇನ್ನೆರಡು ವ್ಯಾಗನ್ ತಳ್ಳಿ" ಅಂತ ಹೆಜ್ಜೆ ಎಣಿಸೋಳು. "ಶಂಟಿಂಗ್ ಅಂದ್ರೆ ಏನ್ ಗೊತ್ತಮ್ಮ ನಿಂಗೆ?" ಅಂತ, ಯಾರ್ಡಿನಲ್ಲಿ ಡಬ್ಬಿಗಳನ್ನು ಅತ್ತಿತ್ತ ತಳ್ಳಿ ಜೋಡಿಸೋ ಆ ಕೆಲಸದಿಂದ ಶುರುವಾದ ಮಾತು ಫೀನಿಕ್ಸ್ ಕಥೆಗೆ ಬಂದು ನಿಂತಿತು.

1907ರಲ್ಲಿ ನೇಸ್ಮಿತ್ ವಿಲ್ಸನ್ ಕಂಪನಿ ಈಸ್ಟ್ ಇಂಡಿಯನ್ ರೈಲ್ವೆಗೆ ಕಟ್ಟಿಕೊಟ್ಟಾಗ ಅದು ಬರೀ ಇಂಜಿನ್ ಅಲ್ಲ, ಬಾಯ್ಲರ್ ಮತ್ತು ಪ್ರಯಾಣಿಕರ ಡಬ್ಬಿ ಒಂದಾಗಿದ್ದ ರೈಲ್‌ಕಾರು. ಅಂಥ ಗಾಡಿಗಳ ಕಷ್ಟ ಏನೆಂದರೆ, ಬಾಯ್ಲರ್ ತೊಳೆಯಲು ಷೆಡ್ಡಿಗೆ ಎಳೆದರೆ ಡಬ್ಬಿಯೂ ನಿಂತಂತೆ; ಜಾತ್ರೆ ಜನ ಬಂದರೆ ಇನ್ನೆರಡು ಡಬ್ಬಿ ಎಳೆಯುವ ಕಸುವಿಲ್ಲ. 1925ರಲ್ಲಿ ಅದನ್ನೇ ಶಂಟಿಂಗ್ ಇಂಜಿನ್ ಮಾಡಿದರು. ಯಾರ್ಡಿನೊಳಗೆ ಹಿಂದೆಮುಂದೆ ಓಡಾಡುವುದಕ್ಕೆ ಟೆಂಡರ್ (ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿ) ಬೇಡ, ತಿರುಗಿಸಲು ಟರ್ನ್‌ಟೇಬಲ್ಲೂ (ಇಂಜಿನ್ ನಿಲ್ಲಿಸಿ ತಿರುಗಿಸುವ ಕಟ್ಟೆ) ಬೇಡ. ಸುಟ್ಟು ಬೂದಿಯಾಗಿ ಮತ್ತೆ ಎದ್ದ ಹಕ್ಕಿಯ ಹೆಸರು ಅದಕ್ಕೇ ಬಂದಿರಬೇಕು ಅನ್ನೋದು ಅಪ್ಪನ ಲೆಕ್ಕ. "ಅದನ್ನ ಒಂದ್ಸಲ ನೋಡ್ಬೇಕಿತ್ತು" ಅಂದರು. ಹುಡುಗಿ ಬಿಡಲಿಲ್ಲ: "ನಡೆದ್ರೆ ನೋಡ್ಬೋದು."

ಅವಳಿಗೆ ಮೊದಲ ಕೃತಜ್ಞತೆ. ದಿನಾ ಸಂಜೆ ಬಂದು ಸುಳ್ಳುಸುಳ್ಳೇ ಜಗಳ ತೆಗೆದು ಅಪ್ಪನನ್ನು ಕೂರಿಸಿಕೊಂಡು ಮಾತಾಡಿಸಿದ ಷೆಡ್ಡಿನ ಹಳೇ ಗೆಳೆಯರಿಗೆ, ಮೂರು ತಿಂಗಳು ರಾಗಿ ಗಂಜಿ ಕಳಿಸಿದ ಎದುರುಮನೆ ಅಕ್ಕನಿಗೆ, ಎರಡು ರಾತ್ರಿಯ ಪ್ರಯಾಣದಲ್ಲಿ ಕೆಳಗಿನ ಬರ್ತ್ ಬಿಟ್ಟುಕೊಟ್ಟ ಹುಬ್ಬಳ್ಳಿ ಕಡೆಯ ದಂಪತಿಗೆ ಏನು ಹೇಳಲಿ? ತೆಂಗಿನಕಾಯಿ ಮೂಟೆ ಕಟ್ಟಿಟ್ಟಿದ್ದೇನೆ, ಊರಿನವರು ಬಂದು ತಗೊಂಡು ಹೋಗಿ. ನಿಮ್ಮ ಋಣ ಅದರಿಂದ ತೀರಲ್ಲ, ಗೊತ್ತು.

ಅಪ್ಪ ಮೊದಲು ನೋಡಿದ್ದು ಇಂಜಿನ್ನನ್ನಲ್ಲ, ಹಳಿಯನ್ನು. "1676 ಮಿಲಿಮೀಟರ್ ಅಗಲದ ಹಳಿ ಮೇಲೆ ಇಷ್ಟು ಪುಟ್ಟದ್ದಾ!" ಆಮೇಲೆ ಬಗ್ಗಿ (ನನ್ನ ಎದೆ ಧಸಕ್ಕೆಂದಿತು) ಚಕ್ರದ ರಾಡು ನೋಡಿ, "ಎಣ್ಣೆ ಕಂಡು ಎಷ್ಟು ವರ್ಷ ಆಯ್ತೋ" ಎಂದು ಗೊಣಗಿದರು. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ಭಾನುವಾರ ಸಂಜೆ ಮನೆಗೆ ಬನ್ನಿ, ಫೋಟೋ ತೋರಿಸ್ತಾರೆ. ಸ್ವಲ್ಪ ಬಿಡುವು ಮಾಡಿಕೊಂಡೇ ಬನ್ನಿ, ಅವರು ಶುರು ಮಾಡಿದರೆ ಬ್ರೇಕ್ ಹಾಕೋರಿಲ್ಲ.